ಲೆಕ್ಕಣಿಕೆಯ ಪೆಟ್ಟಿಗೆಗೆ ವಯಸ್ಸೆಷ್ಟು?

ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ಹಳೆಯ ಮನೆಗಳ ಪಡಸಾಲೆಯಲ್ಲಿ, ಮನೆಯ ಯಜಮಾನನ ಗಾದಿಯ ಎದುರು, ಒಂದು ಮರದ ಪೆಟ್ಟಿಗೆ ಗಂಭೀರವಾಗಿ ಕುಳಿತಿರುತ್ತಿತ್ತು. ಅದರ ಮುಚ್ಚಳ ಬರೆಯುವವನ ಕಡೆಗೆ ಇಳಿಜಾರಾಗಿ ಬಾಗಿರುತ್ತಿತ್ತು. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತವನಿಗೆ ಅದೇ ಮೇಜು, ಅದೇ ಕಪಾಟು, ಅದೇ ತಿಜೋರಿ. ಮುಚ್ಚಳವನ್ನೆತ್ತಿದರೆ ಒಳಗೆ ಸಣ್ಣ ಸಣ್ಣ ಖಾನೆಗಳು. ಒಂದರಲ್ಲಿ ಮಸಿಯ ದೌತಿ, ಒಂದರಲ್ಲಿ ಲಾಳದ ಕಡ್ಡಿಯ ಲೆಕ್ಕಣಿಕೆಗಳು, ಮತ್ತೊಂದರಲ್ಲಿ ಬರೆದ ಅಕ್ಷರದ ಮೇಲೆ ಉದುರಿಸಿ ಮಸಿ ಹೀರಿಸುವ ನಯವಾದ ಉಸುಕು. ಅದರ ಪಕ್ಕದಲ್ಲಿ ಮುದ್ರೆಗೆ ಅರಗು, ಲೆಕ್ಕಣಿಕೆ ಕೊರೆಯುವ ಚೂರಿ, ರೂಪಾಯಿ ಆಣೆ ಪೈಗಳಿಗೆ ಬೇರೆ ಬೇರೆ ಗುಳಿ. ಎಲ್ಲಕ್ಕೂ ಕೆಳಗೆ, ಬಲ್ಲವರಿಗಷ್ಟೇ ಗೊತ್ತಿರುವ ಒಂದು ಕಳ್ಳಖಾನೆ.

ಹುಡುಗರು ಆ ಪೆಟ್ಟಿಗೆಯನ್ನು ಮುಟ್ಟುವಂತಿರಲಿಲ್ಲ. ಅದರ ಕೀಲಿಕೈ ಯಜಮಾನನ ಉಡಿದಾರವನ್ನು ಬಿಟ್ಟು ಕದಲುತ್ತಿರಲಿಲ್ಲ. ಹೊಲದ ಸೀಮೆ, ಸಾಲದ ಲೆಕ್ಕ, ಮದುವೆಯ ಖರ್ಚು, ಮಗು ಹುಟ್ಟಿದ ಗಳಿಗೆ ಎಲ್ಲವೂ ಆ ಮುಚ್ಚಳದ ಮೇಲೆಯೇ ಬರಹವಾಗಿ ಅದರ ಒಳಗೆ ಸೇರುತ್ತಿದ್ದವು. ಇಂದು ಆ ಪೆಟ್ಟಿಗೆ ಎಲ್ಲಿದೆ? ಹಲವು ಮನೆಗಳಲ್ಲಿ ಅದು ಅಟ್ಟದ ಮೂಲೆಯಲ್ಲಿದೆ. ಒಡೆದ ತೊಟ್ಟಿಲು, ತೂತುಬಿದ್ದ ಕೊಪ್ಪರಿಗೆಗಳ ನೆರೆಯಲ್ಲಿ ಧೂಳು ಹೊದ್ದು ಮಲಗಿದೆ.

ಪೆಟ್ಟಿಗೆ ಕೆಲಸ ಕಳೆದುಕೊಂಡ ಬಗೆ

ಇಂಥ ಪೆಟ್ಟಿಗೆಗಳು ಮುಖ್ಯವಾಗಿ ಇಬ್ಬರ ಮನೆಯಲ್ಲಿರುತ್ತಿದ್ದವು: ಊರ ಲೆಕ್ಕ ಬರೆಯುವ ಕುಲಕರ್ಣಿಯ ಮನೆಯಲ್ಲಿ, ಮತ್ತು ಪೇಟೆಯ ಸಾಹುಕಾರನ ಅಂಗಡಿಯಲ್ಲಿ. 1818ರಲ್ಲಿ ಪೇಶ್ವೆಯವರ ಆಳಿಕೆ ಮುಗಿದು ಈ ಸೀಮೆ ಕಂಪನಿ ಸರಕಾರದ ಕೈಸೇರಿತು. 1836ರಲ್ಲಿ ಬೆಳಗಾವಿಯು ಧಾರವಾಡದಿಂದ ಬೇರೆಯಾಗಿ ಪ್ರತ್ಯೇಕ ಜಿಲ್ಲೆಯಾಯಿತು. ದೊರೆಗಳು ಬದಲಾದರೂ ಕುಲಕರ್ಣಿ ಬದಲಾಗಲಿಲ್ಲ. ತಂದೆಯಿಂದ ಮಗನಿಗೆ ವತನ ಬಂದಂತೆ ಪೆಟ್ಟಿಗೆಯೂ ಬಂತು. ಅದರೊಳಗಿನ ದಫ್ತರದಲ್ಲಿ ಕನ್ನಡವೂ ಇತ್ತು, ಮೋಡಿ ಲಿಪಿಯ ಮರಾಠಿಯೂ ಇತ್ತು. ಎರಡು ನುಡಿಗಳು ಒಂದೇ ದೌತಿಯ ಮಸಿಯನ್ನು ಕುಡಿದು ಬೆಳೆದ ಗಡಿಸೀಮೆ ಇದು.

ಪೇಟೆಯ ಪೆಟ್ಟಿಗೆಯ ಮಾತು ಸ್ವಲ್ಪ ಬೇರೆ. ಹತ್ತಿ, ಜೋಳ, ಬೆಲ್ಲ, ಸಂಕೇಶ್ವರದ ಮೆಣಸಿನಕಾಯಿ ಇವುಗಳ ವ್ಯಾಪಾರಿಗೆ ರೋಜಕಿರ್ದಿಯೇ ವೇದ. 1887ರಲ್ಲಿ ಗೋಕಾಕದ ಜಲಪಾತದ ಬಳಿ ನೂಲಿನ ಗಿರಣಿ ಕೆಲಸ ಆರಂಭಿಸಿತು. ಅದರ ಆಸುಪಾಸಿನ ವರ್ಷಗಳಲ್ಲೇ ರೈಲುದಾರಿಯೂ ಈ ಸೀಮೆಯನ್ನು ಹಾದುಹೋಯಿತು. ಲೆಕ್ಕ ಹೆಚ್ಚಿತು, ಕಾಗದ ಹೆಚ್ಚಿತು, ಪೆಟ್ಟಿಗೆಯ ಖಾನೆಗಳೂ ಹೆಚ್ಚಿದವು. ದೀಪಾವಳಿಯಲ್ಲಿ ವಹಿಪೂಜೆಯಾಗುವಾಗ ಪೆಟ್ಟಿಗೆಗೂ ಅರಿಸಿನ ಕುಂಕುಮ, ಹೂವು, ಸಕ್ಕರೆ. ಹಲವು ಪೆಟ್ಟಿಗೆಗಳ ಮುಂಬದಿಯಲ್ಲಿ ಆ ಕುಂಕುಮದ ಕೆಂಪು ಪದರ ಪದರವಾಗಿ ಇಂದಿಗೂ ನಿಂತಿರುವುದುಂಟು.

ಅನಂತರ ಬಂದದ್ದು ಹೊಸ ಕಾಲ. ಮುಂಬಯಿ ಸರಕಾರದ 1950ರ ಕಾಯಿದೆಯಿಂದ ಪರಗಣಾ ಮತ್ತು ಕುಲಕರ್ಣಿ ವತನಗಳು ರದ್ದಾದವು. ಕುಲಕರ್ಣಿಯ ಜಾಗಕ್ಕೆ ಸಂಬಳದ ತಲಾಠಿ ಬಂದ. ಸರಕಾರಿ ದಫ್ತರ ಹೋಯಿತು. ಪೆಟ್ಟಿಗೆ ಮನೆಯಲ್ಲೇ ಉಳಿಯಿತು. 1957ರಲ್ಲಿ ಹೊಸ ಪೈಸೆಯ ಚಲಾವಣೆಯಾಗಿ ಆಣೆ ಪೈಗಳ ಗುಳಿಗಳಿಗೂ ಅರ್ಥವಿಲ್ಲದಂತಾಯಿತು. ಮೇಜು ಕುರ್ಚಿ ಬಂದವು, ಮಸಿ ತುಂಬಿದ ಪೆನ್ನು ಕಿಸೆಗೆ ಏರಿತು. ನೆಲದ ಮೇಲೆ ಕುಳಿತು ಬರೆಯುವವರೇ ಇಲ್ಲದ ಮೇಲೆ ಇಳಿಜಾರು ಮುಚ್ಚಳಕ್ಕೆ ಏನು ಕೆಲಸ?

ಹೊಳೆ ಹೊರಗೆ ತಂದ ಪೆಟ್ಟಿಗೆಗಳು

2019ರ ಆಗಸ್ಟಿನಲ್ಲಿ ಘಟಪ್ರಭೆ ಉಕ್ಕಿ ಗೋಕಾಕದ ಹೊಳೆಯ ದಂಡೆಯ ಓಣಿಗಳನ್ನು ನುಂಗಿದಾಗ, ಮೂಡಲಗಿ ಭಾಗದ ಹೊಳೆಸಾಲಿನ ಊರುಗಳು ನೀರಿನಲ್ಲಿ ನಿಂತಾಗ, ಹಿರಣ್ಯಕೇಶಿಯು ಹುಕ್ಕೇರಿ ತಾಲೂಕಿನ ಸಂಕೇಶ್ವರಕ್ಕೆ ನುಗ್ಗಿದಾಗ ಜನ ಜೀವ ಉಳಿಸಿಕೊಳ್ಳಲು ಓಡಿದರು. ಇಂಥ ನೆರೆ ಇಳಿದ ಮೇಲೆ ಮನೆ ತೊಳೆಯುವಾಗ ಅಂಗಳಕ್ಕೆ ಬೀಳುವ ವಸ್ತುಗಳಲ್ಲಿ ಹಳೆಯ ಮರದ ಪೆಟ್ಟಿಗೆಯೂ ಒಂದು. ಆಗ ಅದರ ಮುಂದೆ ಎರಡೇ ದಾರಿ. ಒಂದು, ಗುಜರಿಯವನ ಗಾಡಿ. ಇನ್ನೊಂದು, ಪಾಲೀಶಿನ ಅಂಗಡಿ. ಮೊದಲನೆಯ ದಾರಿಯಲ್ಲಿ ಪೆಟ್ಟಿಗೆಯೇ ಕಾಣೆಯಾಗುತ್ತದೆ. ಎರಡನೆಯದರಲ್ಲಿ ಪೆಟ್ಟಿಗೆ ಉಳಿಯುತ್ತದೆ, ಅದರ ಚರಿತ್ರೆ ಕಾಣೆಯಾಗುತ್ತದೆ. ಮರಳುಕಾಗದದಿಂದ ಒಂದು ತಾಸು ಉಜ್ಜಿದರೆ ನೂರು ವರ್ಷದ ಗುರುತುಗಳೆಲ್ಲ ಹಿಟ್ಟಾಗಿ ನೆಲಕ್ಕೆ ಉದುರುತ್ತವೆ. ಆಮೇಲೆ ಯಾವ ಪಂಡಿತನೂ ಅದರ ವಯಸ್ಸನ್ನು ಹೇಳಲಾರ.

ಆದುದರಿಂದ ಹಳೆಯ ಪೆಟ್ಟಿಗೆಯೊಂದು ಕೈಗೆ ಬಂದರೆ ಮೊದಲು ಓದಬೇಕು, ಆಮೇಲೆ ಒರೆಸಬೇಕು. ಈ ಕ್ರಮ ತಪ್ಪಿದರೆ ಎಲ್ಲವೂ ತಪ್ಪಿದಂತೆ.

‘ಪೇಶ್ವೆಯವರ ಕಾಲದ್ದು’

ಯಾವ ಮನೆಯಲ್ಲಿ ಕೇಳಿದರೂ ಬರುವ ಉತ್ತರ ಸಾಮಾನ್ಯವಾಗಿ ಒಂದೇ: “ಇದು ಪೇಶ್ವೆಯವರ ಕಾಲದ್ದು.” ಅಭಿಮಾನದ ಈ ಮಾತನ್ನು ಅಲ್ಲಗಳೆಯುವ ಅಗತ್ಯವಿಲ್ಲ, ಪರೀಕ್ಷಿಸುವ ಅಗತ್ಯವಿದೆ. ಪರೀಕ್ಷೆಯನ್ನು ಪೆಟ್ಟಿಗೆಯ ಮುಖದಿಂದಲ್ಲ, ಬೆನ್ನಿನಿಂದ ಆರಂಭಿಸಬೇಕು. ಮುಖಕ್ಕೆ ಪ್ರತಿ ತಲೆಮಾರಿನವರೂ ಬಣ್ಣ ಬಳಿದಿರುತ್ತಾರೆ. ಬೆನ್ನು, ತಳ, ಖಾನೆಗಳ ಅಡಿ, ಕೀಲಿಯ ಹಿಂಬದಿ ಇವುಗಳತ್ತ ಯಾರೂ ನೋಡಿರುವುದಿಲ್ಲ. ಸತ್ಯ ಉಳಿದಿರುವುದು ಅಲ್ಲಿಯೇ.

ಮೊದಲು ಮರ. ಈ ಸೀಮೆಗೆ ಸಮೀಪದ ಖಾನಾಪುರ, ಹಳಿಯಾಳದ ಕಾಡುಗಳ ಸಾಗುವಾನಿಯೇ ಒಳ್ಳೆಯ ಪೆಟ್ಟಿಗೆಗೆ ಒದಗುತ್ತಿದ್ದ ಮರ; ಸಿರಿವಂತರದು ಬೀಟೆ. ಹಲಗೆಯ ಒಳಮೈಯನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಗರಗಸದ ಗೆರೆಗಳು ಕಾಣುತ್ತವೆ. ಇಬ್ಬರು ನಿಂತು ಎಳೆದ ಕೈಗರಗಸದ ಗೆರೆ ನೇರವಾಗಿಯೂ ಕೊಂಚ ಏರುಪೇರಾಗಿಯೂ ಇರುತ್ತದೆ. ಯಂತ್ರದ ದುಂಡು ಗರಗಸದ ಗೆರೆ ಬಿಲ್ಲಿನಂತೆ ಬಾಗಿರುತ್ತದೆ. ಪೇಶ್ವೆಯವರ ಕಾಲದ ಬಡಿಗೇರನ ಕೈಯಲ್ಲಿ ಅಂಥ ಗರಗಸವಿರಲಿಲ್ಲ. ತಳದಲ್ಲಿ ಪ್ಲೈವುಡ್ ಕಂಡರಂತೂ ಆ ತಳ ಇಪ್ಪತ್ತನೆಯ ಶತಮಾನದ್ದು. ಆದರೆ ತಳ ಹೊಸದೆಂದ ಮಾತ್ರಕ್ಕೆ ಮೈಯೂ ಹೊಸದಾಗಬೇಕಿಲ್ಲ.

ಎರಡನೆಯದು ಮೂಲೆಯ ಜೋಡಣೆ. ಎರಡು ಹಲಗೆಗಳು ಕೂಡುವಲ್ಲಿ ಪಾರಿವಾಳದ ಬಾಲದಂತೆ ತುದಿ ಅಗಲವಾದ ಹಲ್ಲುಗಳನ್ನು ಕೊರೆದು ಒಂದರೊಳಗೊಂದು ಕೂಡಿಸಿರುತ್ತಾರೆ. ಕೈಯಿಂದ ಕೊರೆದ ಹಲ್ಲುಗಳು ಅಣ್ಣತಮ್ಮಂದಿರಂತೆ. ಹೋಲಿಕೆ ಇದ್ದರೂ ಒಂದರ ಹಾಗೆ ಇನ್ನೊಂದಿಲ್ಲ. ಅಳತೆಗೆಂದು ಬಡಿಗೇರನು ಮೊಳೆಯ ತುದಿಯಿಂದ ಗೀಚಿದ ಗೆರೆ ಅಂಚಿನಲ್ಲಿ ಹಾಗೆಯೇ ಉಳಿದಿರುತ್ತದೆ. ಯಂತ್ರದ ಹಲ್ಲುಗಳಲ್ಲಿ ಎಲ್ಲವೂ ಒಂದೇ ಅಳತೆ.

ಮೂರನೆಯದು ಮೊಳೆ. ಕಮ್ಮಾರನು ಬಡಿದು ಮಾಡಿದ ಮೊಳೆಗೆ ಚೌಕ ಮೈ, ಸುತ್ತಿಗೆಯ ಪೆಟ್ಟು ತಿಂದ ಒರಟು ತಲೆ. ತಂತಿಯಿಂದ ಮಾಡಿದ ದುಂಡು ಮೊಳೆ ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಎಲ್ಲೆಡೆ ಹರಡಿತು. ತಿರುಪುಮೊಳೆ ಇನ್ನೂ ಒಳ್ಳೆಯ ಸಾಕ್ಷಿ. ಸುಮಾರು 1850ಕ್ಕೆ ಮೊದಲಿನ ತಿರುಪುಮೊಳೆಗಳ ತುದಿ ಮೊಂಡು, ತಲೆಯ ಸೀಳು ನಟ್ಟನಡುವೆ ಇರುವುದೇ ಅಪರೂಪ. ಚೂಪು ತುದಿಯ ಯಂತ್ರದ ತಿರುಪುಮೊಳೆಗಳು 1840ರ ದಶಕದ ಕೊನೆಯಲ್ಲಿ ಅಮೆರಿಕದಲ್ಲಿಯೂ 1850ರ ದಶಕದಲ್ಲಿ ಇಂಗ್ಲೆಂಡಿನಲ್ಲಿಯೂ ಹೊರಟು, ಅನಂತರ ಹಡಗೇರಿ ಇಲ್ಲಿಗೆ ಬಂದವು. ಆದರೆ ಒಂದು ಎಚ್ಚರಿಕೆ ಬೇಕು. ನಮ್ಮ ಹಳ್ಳಿಗಳಲ್ಲಿ ಕಬ್ಬಿಣವನ್ನು ಯಾರೂ ಬಿಸಾಡುತ್ತಿರಲಿಲ್ಲ. ಮುರಿದ ಬಾಗಿಲಿನ ಹಳೆಯ ಮೊಳೆ ಹೊಸ ಪೆಟ್ಟಿಗೆಗೆ ಬಂದಿರಬಹುದು. ಹಳೆಯ ಮೊಳೆಯಿಂದ ಪೆಟ್ಟಿಗೆ ಹಳೆಯದೆಂದು ಸಿದ್ಧವಾಗದು. ಮೊದಲಿನಿಂದಲೂ ಅಲ್ಲಿಯೇ ಇದ್ದ ಹೊಸ ಮೊಳೆಯಿಂದ ಪೆಟ್ಟಿಗೆ ಅಷ್ಟು ಹಳೆಯದಲ್ಲವೆಂದು ಸಿದ್ಧವಾಗುತ್ತದೆ.

ನಾಲ್ಕನೆಯದು ಕೀಲಿ. ವಿಲಾಯತಿ ಹಿತ್ತಾಳೆ ಕೀಲಿಗಳ ಮೇಲೆ ತಯಾರಕರ ಹೆಸರು ಕೊರೆದಿರುವುದುಂಟು. ಲಂಡನ್ನಿನ ಬ್ರಾಮಾ ಕೀಲಿಗೆ 1784ರಲ್ಲಿ, ಚಬ್ ಕೀಲಿಗೆ 1818ರಲ್ಲಿ ಹಕ್ಕುಪತ್ರ ದೊರೆಯಿತು. ಕಿರೀಟದ ಗುರುತಿನ ಕೆಳಗೆ ‘ವಿ ಆರ್’ ಎಂಬ ಇಂಗ್ಲಿಷ್ ಅಕ್ಷರಗಳಿದ್ದರೆ ಅದು 1837ರಿಂದ 1901ರ ವರೆಗೆ ಆಳಿದ ವಿಕ್ಟೋರಿಯಾ ರಾಣಿಯ ಕಾಲದ ಕೀಲಿ. ಅದನ್ನು ಕಂಡು ಹಿಗ್ಗುವ ಮೊದಲು ಕೀಲಿಯ ಸುತ್ತ ಕಣ್ಣಾಡಿಸಬೇಕು. ಮುಚ್ಚಿದ ಹಳೆಯ ತೂತುಗಳು ಕಂಡರೆ ಕೀಲಿ ಬದಲಾಗಿದೆಯೆಂದೇ ಅರ್ಥ.

ಐದನೆಯದು ಖಾನೆಗಳ ಆಕಾರ. ಬರ್ಮಿಂಗ್‌ಹ್ಯಾಮಿನ ಉಕ್ಕಿನ ಮುಳ್ಳುಗಳು 1820-30ರ ದಶಕಗಳಲ್ಲಿ ರಾಶಿರಾಶಿಯಾಗಿ ತಯಾರಾಗತೊಡಗಿದವು. ಅವುಗಳಿಗಾಗಿಯೇ ಮಾಡಿದ ಪುಟ್ಟ ಗುಳಿ, ಗಾಜಿನ ಚೌಕ ದೌತಿಗೆ ಹೊಂದುವ ಖಾನೆ ಇವು ಮೊದಲಿನಿಂದಲೂ ಪೆಟ್ಟಿಗೆಯಲ್ಲಿದ್ದರೆ ಅದು ಪೇಶ್ವೆಯವರ ಕಾಲದ್ದಾಗುವ ಸಂಭವ ಕಡಿಮೆ. ಒಳಗೆ ಅಂಟಿಸಿದ ಬಟ್ಟೆಯ ಬಣ್ಣವೂ ಮಾತನಾಡುತ್ತದೆ. ಕೃತಕವಾಗಿ ತಯಾರಿಸಿದ ನೇರಳೆ ಬಣ್ಣವನ್ನು 1856ರಲ್ಲಿ ಲಂಡನ್ನಿನಲ್ಲಿ ಪರ್ಕಿನ್ ಎಂಬ ತರುಣನು ಕಂಡುಹಿಡಿದ. ಆ ಬಗೆಯ ಕಣ್ಣು ಕುಕ್ಕುವ ನೇರಳೆ, ಗುಲಾಬಿ ಬಣ್ಣಗಳ ಬಟ್ಟೆ ಅದಕ್ಕಿಂತ ಹಿಂದಿನದಾಗಲಾರದು.

ಕಾಗದದ ಸಾಕ್ಷಿ

ಎಲ್ಲಕ್ಕಿಂತ ಹೆಚ್ಚು ನಂಬಿಕೆ ಹುಟ್ಟಿಸುವುದೂ ಎಲ್ಲಕ್ಕಿಂತ ಹೆಚ್ಚು ಮೋಸಗೊಳಿಸುವುದೂ ಕಾಗದವೇ. ಪೆಟ್ಟಿಗೆಯಲ್ಲಿ 1830ರ ಪತ್ರ ಸಿಕ್ಕಿತೆಂದು ಪೆಟ್ಟಿಗೆ 1830ರದ್ದೆನ್ನಲಾಗದು. ಅಜ್ಜನ ಪತ್ರವನ್ನು ಮೊಮ್ಮಗನು ತನ್ನ ಹೊಸ ಪೆಟ್ಟಿಗೆಯಲ್ಲಿ ಇಟ್ಟಿರಬಹುದಲ್ಲವೆ? ಸಂದಿನಲ್ಲಿ ಸಿಕ್ಕಿದ ನಾಣ್ಯದ ಮಾತೂ ಹೀಗೆಯೇ. ‘ವಿಕ್ಟೋರಿಯಾ ಕ್ವೀನ್’ ಎಂಬ ನಾಣ್ಯಗಳು 1862ರಿಂದ, ‘ಎಂಪ್ರೆಸ್’ ಎಂಬವು 1877ರಿಂದ ಬಂದವು. ಅಂಥ ನಾಣ್ಯವು ಆ ವರ್ಷದ ನಂತರ ಎಂದೋ ಒಂದು ದಿನ ಅಲ್ಲಿ ಬಿತ್ತೆಂದಷ್ಟೇ ಹೇಳುತ್ತದೆ. ಪೆಟ್ಟಿಗೆ ಕಟ್ಟುವಾಗಲೇ ಹಲಗೆಗೆ ಸರೇಸಿನಿಂದ ಅಂಟಿಸಿದ, ಮೇಲಿನ ಬಟ್ಟೆಯ ಅಡಿಯಲ್ಲಿ ಅಡಗಿರುವ ಕಾಗದದ ಮಾತು ಬೇರೆ. ಅದರ ಮೇಲಿನ ತಾರೀಖಿಗಿಂತ ಮೊದಲು ಪೆಟ್ಟಿಗೆ ಹುಟ್ಟಿರಲಾರದು.

ಆ ತಾರೀಖನ್ನು ಓದುವುದೂ ಒಂದು ವಿದ್ಯೆ. ಹಳೆಯ ಲೆಕ್ಕಗಳಲ್ಲಿ ಶಕವರ್ಷ ಇರುತ್ತದೆ. ಅದಕ್ಕೆ 78 ಕೂಡಿಸಿದರೆ ಸಾಮಾನ್ಯವಾಗಿ ಇಸವಿ ಬರುತ್ತದೆ. ಕಂದಾಯದ ಕಾಗದದಲ್ಲಿ ಫಸಲಿ ಇದ್ದರೆ ಈ ದಖ್ಖನದ ಲೆಕ್ಕಕ್ಕೆ 590 ಕೂಡಿಸಬೇಕು. ವರ್ಷದ ಉತ್ತರಾರ್ಧವಾದರೆ 591. ಬರಿಯ ಸಂವತ್ಸರದ ಹೆಸರಿದ್ದರೆ ತೊಡಕು. ‘ಪ್ರಭವ ಸಂವತ್ಸರ’ವೆಂದರೆ 1807, 1867, 1927 ಈ ಮೂರರಲ್ಲಿ ಯಾವುದೂ ಆಗಬಹುದು, ಅರುವತ್ತು ವರ್ಷಕ್ಕೊಮ್ಮೆ ಹೆಸರು ಮರಳಿ ಬರುತ್ತದೆ. ಜೊತೆಗೆ ಶಕ 1789 ಎಂದಿದ್ದರೆ ಸಂಶಯ ಹರಿದು 1867 ನಿಶ್ಚಯವಾಗುತ್ತದೆ.

ಈಗ ಒಂದು ಪೆಟ್ಟಿಗೆಯನ್ನು ಊಹಿಸಿಕೊಂಡರೆ ಈ ಸಾಕ್ಷಿಗಳು ಹೇಗೆ ಕೂಡುತ್ತವೆಂಬುದು ತಿಳಿದೀತು. ಮನೆಯವರ ಮಾತಿನಂತೆ ಅದು ಪೇಶ್ವೆಕಾಲದ್ದು. ಮೂಲೆಗಳು ಕೈಗೆಲಸದವು, ಮೊಳೆಗಳು ಕಮ್ಮಾರನವು. ಇಲ್ಲಿಯ ತನಕ ಮಾತು ನಿಲ್ಲುತ್ತದೆ. ಆದರೆ ಬಿಜಾಗರಿಯ ತಿರುಪುಮೊಳೆಗಳಿಗೆ ಚೂಪು ತುದಿ. ಬೇರೆ ತೂತುಗಳ ಗುರುತಿಲ್ಲ. ಅಂದರೆ 1850ರ ಈಚೆಗೆ. ಬಟ್ಟೆಯಡಿಯ ಕಾಗದದಲ್ಲಿ ಶಕ 1789. ಅಂದರೆ 1867ರ ಈಚೆಗೆ. ಖಾನೆಗಳಲ್ಲಿ ಆಣೆ ಪೈಗಳ ಗುಳಿ. ಅಂದರೆ 1957ಕ್ಕೆ ಹಿಂದೆ. ಕೈಗರಗಸದ ಗೆರೆ, ಕಮ್ಮಾರನ ಮೊಳೆ ಎರಡೂ ಸೇರಿ ಅದನ್ನು ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗಕ್ಕೆ ತಂದು ನಿಲ್ಲಿಸುತ್ತವೆ. ಪೇಶ್ವೆಯ ಹೆಸರು ಹೋಯಿತೆಂದು ಮನೆಯವರು ನೊಂದುಕೊಳ್ಳಬೇಕಾಗಿಲ್ಲ. ಯಾರೋ ಅರಸರ ಕಾಲದ ಪೆಟ್ಟಿಗೆಗಿಂತ, ಮುತ್ತಜ್ಜನು ಹಣ ಕೊಟ್ಟು ಮಾಡಿಸಿದ ಪೆಟ್ಟಿಗೆ ಮನೆಗೆ ಹತ್ತಿರದ ನಂಟು.

ಚಿಕಿತ್ಸೆಯ ಕ್ರಮ

ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಗಾದೆ ಹಳೆಯ ಮರದ ವಿಷಯದಲ್ಲಿ ಅಕ್ಷರಶಃ ನಿಜ. ಮೊದಲು ಎಲ್ಲ ಬದಿಗಳ ಛಾಯಾಚಿತ್ರ ತೆಗೆಯಬೇಕು. ಯಾವ ಖಾನೆಯಲ್ಲಿ ಯಾವ ವಸ್ತುವಿತ್ತೆಂದು ಬರೆದಿಡಬೇಕು. ಅನಂತರ ಮೆತ್ತನೆಯ ಕುಂಚದಿಂದ ಧೂಳು ತೆಗೆಯಬೇಕು.

ನೆರೆಯ ನೀರು ಕುಡಿದ ಪೆಟ್ಟಿಗೆಯನ್ನು ಬಿಸಿಲಿಗಿಡುವುದು ದೊಡ್ಡ ತಪ್ಪು. ಹೊರಮೈ ಬೇಗ ಒಣಗಿ ಕುಗ್ಗುತ್ತದೆ, ಒಳಮೈ ಉಬ್ಬಿಯೇ ಇರುತ್ತದೆ; ಈ ಜಗ್ಗಾಟದಲ್ಲಿ ಹಲಗೆ ಸೀಳುತ್ತದೆ. ಕೆಸರು ಹಸಿಯಾಗಿರುವಾಗಲೇ ಅದನ್ನು ಶುದ್ಧ ನೀರಿನ ಬಟ್ಟೆಯಿಂದ ಮೆಲ್ಲಗೆ ತೆಗೆದು, ಗಾಳಿಯಾಡುವ ನೆರಳಿನಲ್ಲಿ ವಾರಗಟ್ಟಲೆ ಆರಲು ಬಿಡಬೇಕು. ಉಬ್ಬಿದ ಖಾನೆಯನ್ನು ಬಲವಂತದಿಂದ ಎಳೆಯಬಾರದು. ಆರಿದ ಮೇಲೆ ಅದೇ ಸಡಿಲವಾಗುತ್ತದೆ.

ಮರದ ಮೇಲೆ ಸಣ್ಣ ತೂತುಗಳೂ ಕೆಳಗೆ ಹೊಸ ಹಿಟ್ಟೂ ಕಂಡರೆ ಒಳಗೆ ಕುಟ್ಟೆಹುಳು ಬದುಕಿದೆ. ಬೇವಿನೆಲೆ, ಕರ್ಪೂರ ಮರದ ಆಳಕ್ಕೆ ತಲುಪಲಾರವು. ಅಂಥ ಪೆಟ್ಟಿಗೆಯನ್ನು ಬೇರೆ ಮರದ ಸಾಮಾನುಗಳಿಂದ ದೂರವಿಟ್ಟು ಬಲ್ಲವರ ಕೈಗೆ ಒಪ್ಪಿಸುವುದು ಲೇಸು.

ಬಿಚ್ಚಿದ ಮೂಲೆಗಳನ್ನು ಕೂಡಿಸಲು ಸರೇಸೇ ಉತ್ತಮ. ಪ್ರಾಣಿಗಳ ಚರ್ಮ ಎಲುಬುಗಳಿಂದ ಕಾಯಿಸಿ ತೆಗೆದ ಈ ಅಂಟು ಬಿಸಿನೀರಿಗೆ ಕರಗುತ್ತದೆ. ನೂರು ವರ್ಷದ ನಂತರದ ಬಡಿಗೇರನು ಮರ ಒಡೆಯದೆ ಅದನ್ನು ಬಿಚ್ಚಬಲ್ಲ. ಇಂದಿನ ರಾಸಾಯನಿಕ ಅಂಟುಗಳು ಬಿಗಿಯಾಗಿ ಹಿಡಿಯುತ್ತವೆ, ನಿಜ. ಆದರೆ ಮುಂದಿನವನಿಗೆ ಅವು ದಾರಿ ಬಿಡುವುದಿಲ್ಲ. ಒಡೆದುಹೋದ ಭಾಗಕ್ಕೆ ಅದೇ ಜಾತಿಯ ಹಳೆಯ ಮರದ ತುಂಡನ್ನು, ಎಳೆಗೆ ಎಳೆ ಹೊಂದಿಸಿ ಕೂಡಿಸಬೇಕು. ಆ ತುಂಡಿನ ಒಳಬದಿಯಲ್ಲಿ ರಿಪೇರಿಯ ವರ್ಷವನ್ನು ಬರೆದಿಟ್ಟರೆ ಮುಂದೆ ಯಾರೂ ಮೋಸಹೋಗರು.

ಹಿತ್ತಾಳೆ ಕೀಲಿಯನ್ನು ಹುಣಸೆಹಣ್ಣಿನಿಂದ ತಿಕ್ಕುವ ಆಸೆಯನ್ನು ಗೃಹಿಣಿಯರು ತಡೆದುಕೊಳ್ಳಬೇಕು. ಹುಳಿ ಸಂದಿನಲ್ಲಿಳಿದು ಮರಕ್ಕೂ ಮೊಳೆಗೂ ಕೇಡು ಮಾಡುತ್ತದೆ. ಒಣ ಬಟ್ಟೆಯಿಂದ ಒರೆಸಿದರೆ ಸಾಕು.

ಇನ್ನು ಹೊಳಪು. ಹಳೆಯ ಪೆಟ್ಟಿಗೆಗಳ ಮೇಲಿನ ಹೊಳಪು ಬಹುಮಟ್ಟಿಗೆ ಅರಗಿನದು ಅಥವಾ ಎಣ್ಣೆಯದು. ಕಾಣದ ಮೂಲೆಯಲ್ಲಿ ಹತ್ತಿಯ ತುದಿಯಿಂದ ಒಂದು ಹನಿ ಸ್ಪಿರಿಟ್ ತಾಗಿಸಿದಾಗ ಮೈ ಜಿಗುಟಾದರೆ ಅದು ಅರಗು. ಅಂಥದರ ಮೇಲೆ ಸ್ಪಿರಿಟ್ಟಿನಲ್ಲಿ ಕರಗಿಸಿದ ತೆಳು ಅರಗನ್ನೇ ಬಟ್ಟೆಯ ಉಂಡೆಯಿಂದ ಒಂದೆರಡು ಸಲ ಸವರಿ, ಕೊನೆಗೆ ಜೇನುಮೇಣ ತಿಕ್ಕಬಹುದು. ಗಾಜಿನಂತೆ ಹೊಳೆಯುವ ಹೊಸ ಬಗೆಯ ವಾರ್ನಿಶ್ ಬೇಡ. ಗೋಕಾಕದ ಆಟಿಗೆಯ ಕುಶಲಿಗಳು ಹಗುರ ಮರಕ್ಕೆ ಬಣ್ಣ ಹಚ್ಚುವುದರಲ್ಲಿ ಹೆಸರಾದವರು. ಪೆಟ್ಟಿಗೆಯ ಮೇಲೆ ಅಂಥ ಹಳೆಯ ಬಣ್ಣದ ಬಳ್ಳಿ, ಹೂವು ಇದ್ದರೆ ನೀರಾಗಲಿ ಸ್ಪಿರಿಟ್ ಆಗಲಿ ಅದರ ಹತ್ತಿರ ಸುಳಿಯಬಾರದು.

ಒಳಗಿನ ನಿಧಿ

ಪೆಟ್ಟಿಗೆಗಿಂತ ಬೆಲೆಯುಳ್ಳದ್ದು ಅದರೊಳಗಿನ ಕಾಗದ. ಮೋಡಿ ಅಕ್ಷರ ಓದಬಲ್ಲವರು ದಿನದಿನಕ್ಕೆ ಕಡಿಮೆಯಾಗುತ್ತಿದ್ದಾರೆ. ಓದಲು ಬಾರದ ಕಾಗದವೆಂದು ಒಲೆಗೆ ಹಾಕಿದರೆ ಊರಿನ ಕೆರೆ, ಇನಾಮು, ಬರಗಾಲಗಳ ಕಥೆಯೇ ಸುಟ್ಟಂತೆ. 1939ರಲ್ಲಿ ಧಾರವಾಡದಲ್ಲಿ ಸ್ಥಾಪಿತವಾದ ಕನ್ನಡ ಸಂಶೋಧನ ಸಂಸ್ಥೆಯಂಥ ಕಡೆ ಇವುಗಳ ಮಾತನ್ನು ಬಲ್ಲವರು ಸಿಕ್ಕಾರು. 1972ರ ಕೇಂದ್ರ ಕಾಯಿದೆಯ ಮೇರೆಗೆ ಚರಿತ್ರೆಯ ಮಹತ್ವವುಳ್ಳ ನೂರು ವರ್ಷ ಮೀರಿದ ವಸ್ತುಗಳೂ, ಎಪ್ಪತ್ತೈದು ವರ್ಷ ಮೀರಿದ ಕೈಬರಹಗಳೂ ಪುರಾವಸ್ತುಗಳ ಸಾಲಿಗೆ ಸೇರುತ್ತವೆ. ಅಂಥವನ್ನು ಖಾಸಗಿಯವರು ಹೊರದೇಶಕ್ಕೆ ಸಾಗಿಸುವಂತಿಲ್ಲ. ಅಂಗಳದಲ್ಲಿ ನಿಂತು ನಾಲ್ಕು ನೋಟು ಎಣಿಸುವ ವ್ಯಾಪಾರಿಗೆ ಪೆಟ್ಟಿಗೆಯನ್ನು ಎತ್ತಿಕೊಡುವ ಮೊದಲು ಇಷ್ಟು ನೆನಪಿರಲಿ.

ಕೊನೆಯದಾಗಿ ಮುಚ್ಚಳದ ಮೇಲಿನ ಮಸಿಯ ಕಲೆ. ಬಲಗೈ ದೌತಿಯಿಂದ ಕಾಗದಕ್ಕೆ ಹೋಗುವ ದಾರಿಯಲ್ಲಿ, ಹನಿ ಹನಿಯಾಗಿ ಬಿದ್ದು ಹಲಗೆಯೊಳಗೆ ಇಳಿದ ಕಪ್ಪು ಕಲೆ ಇಂಥ ಪೆಟ್ಟಿಗೆಗಳ ಮೇಲೆ ಸಾಮಾನ್ಯ. ಪಾಲೀಶಿನವನು ಮೊದಲು ಕೇಳುವ ಮಾತೇ “ಇದನ್ನು ತೆಗೆಯಲೇ?” ಎಂದು. ತೆಗೆಯುವ ಔಷಧಗಳುಂಟು, ತೆಗೆದರೆ ಆ ಜಾಗ ಬಿಳಿಚಿಕೊಂಡು ನಿಲ್ಲುತ್ತದೆ. ಬರಗಾಲದಲ್ಲಿ ಕಂದಾಯ ಬಾಕಿ ಬರೆದವನ ಕೈ, ಮಗಳ ಮದುವೆಗೆ ಹೊಲ ಅಡವಿಟ್ಟ ಕರಾರಿಗೆ ಸಾಕ್ಷಿ ಹಾಕಿದವನ ಕೈ, ಆ ಹಲಗೆಯ ಮೇಲೆಯೇ ಒಂದು ಗಳಿಗೆ ತಡೆದು ನಿಂತಿರಬೇಕು. ಹನಿ ಬಿದ್ದದ್ದು ಆಗ. ಆ ಮನೆಯವರು ಪಾಲೀಶಿನವನಿಗೆ “ಬೇಡಪ್ಪಾ, ಅದು ಇರಲಿ” ಎಂದು ಹೇಳಿದರೆ ಪೆಟ್ಟಿಗೆಯ ಅರ್ಧ ಚಿಕಿತ್ಸೆ ಅಲ್ಲಿಗೇ ಮುಗಿದಂತೆ.